ಪುರುಷ ಹಾರ್ಮೋನು ಚಿಕಿತ್ಸೆ: ಒಂದೇ ಔಷಧ, ಮೂರು ಉತ್ತರ

ನಮ್ಮ ಆರೋಗ್ಯ ವಿಭಾಗಕ್ಕೆ ಬರುವ ಪತ್ರಗಳಲ್ಲಿ ಕೆಲವನ್ನು ಬರೆದವರು ತಮ್ಮ ಹೆಸರು ಪ್ರಕಟಿಸಬಾರದೆಂದು ಕೋರಿರುತ್ತಾರೆ. ಅಂತಹ ಮೂರು ಪತ್ರಗಳನ್ನು, ಹೆಸರು ಊರುಗಳನ್ನು ಬಿಟ್ಟು, ಈ ತಿಂಗಳು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಮೊದಲನೆಯದು ಅರವತ್ತೆರಡು ವರ್ಷದ ನಿವೃತ್ತ ಶಿಕ್ಷಕರದು. ಹತ್ತು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡವಿದೆ. ಉತ್ಸಾಹ ಕುಗ್ಗಿದೆ, ಹೊಟ್ಟೆ ಬೆಳೆದಿದೆ. ಒಂದು ಸಂಜೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪುರುಷ ಹಾರ್ಮೋನು ಕಡಿಮೆ ಎಂದು ಬಂದಿದೆ. ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಂಡರೆ ಹೃದಯಕ್ಕೆ ಅಪಾಯವೇ ಎಂಬುದು ಅವರ ಪ್ರಶ್ನೆ.

ಎರಡನೆಯದು ಒಬ್ಬ ತಾಯಿಯದು. ಮಗನಿಗೆ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ಎರಡು ವರ್ಷವಾದರೂ ಸೊಸೆಗೆ ಗರ್ಭ ನಿಂತಿಲ್ಲ. ಮನೆಯವರು ಸೊಸೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದ್ದಾರೆ. ಮಗನು ಜಿಮ್ಮಿನ ಗೆಳೆಯರ ಮಾತು ಕೇಳಿ ಮದುವೆಗೆ ಮುಂಚಿನಿಂದಲೂ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದನೆಂಬುದು ಈಗ ತಿಳಿದಿದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ ಎಂದು ಆ ತಾಯಿ ಕೇಳಿದ್ದಾರೆ.

ಮೂರನೆಯದು ಒಬ್ಬ ತಂದೆಯದು. ಹದಿನೆಂಟು ತುಂಬಿದ ಮಗನಿಗೆ ಇನ್ನೂ ಮೀಸೆ ಮೂಡಿಲ್ಲ, ಧ್ವನಿ ಒಡೆದಿಲ್ಲ. ವೈದ್ಯರು ದೀರ್ಘಕಾಲ ಹಾರ್ಮೋನು ಕೊಡಬೇಕೆಂದಿದ್ದಾರೆ. ಅಡ್ಡಪರಿಣಾಮಗಳಿಗೆ ಹೆದರಿ ತಂದೆ ಒಪ್ಪಿಗೆ ಕೊಟ್ಟಿಲ್ಲ.

ಮೂವರೂ ಕೇಳಿರುವುದು ಒಂದೇ ಔಷಧದ ವಿಷಯ. ಆದರೆ ಮೂವರಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಏಕೆಂಬುದನ್ನು ತಿಳಿಯಲು ಈ ಹಾರ್ಮೋನು ಶರೀರದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ನೋಡಬೇಕು.

ಶರೀರದ ಏರ್ಪಾಡು

ಟೆಸ್ಟೊಸ್ಟೆರಾನ್ ಎಂಬುದು ಮುಖ್ಯವಾಗಿ ವೃಷಣಗಳಲ್ಲಿ ತಯಾರಾಗುವ ಹಾರ್ಮೋನು. ಹುಡುಗನು ಪ್ರಾಯಕ್ಕೆ ಬರುವಾಗ ಧ್ವನಿ ಒಡೆಯುವುದು, ಗಡ್ಡಮೀಸೆ ಮೂಡುವುದು, ಸ್ನಾಯುಗಳು ಬಲಿಯುವುದು ಇದರಿಂದ. ಮುಂದೆ ಎಲುಬಿನ ಗಟ್ಟಿತನಕ್ಕೆ, ಕೆಂಪು ರಕ್ತಕಣಗಳ ಉತ್ಪತ್ತಿಗೆ, ಲೈಂಗಿಕ ಆಸಕ್ತಿಗೆ ಮತ್ತು ಸಂತಾನಶಕ್ತಿಗೆ ಇದು ಬೇಕು.

ವೃಷಣಗಳು ತಾವಾಗಿಯೇ ಈ ಕೆಲಸ ಮಾಡುವುದಿಲ್ಲ. ಮೆದುಳಿನ ಹೈಪೋಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿಯು ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳಲ್ಲಿ ಒಂದು ವೃಷಣಗಳಿಗೆ ಟೆಸ್ಟೊಸ್ಟೆರಾನ್ ತಯಾರಿಸಲು ಹೇಳಿದರೆ, ಇನ್ನೊಂದು ವೀರ್ಯಾಣುಗಳ ಬೆಳವಣಿಗೆಗೆ ನೆರವಾಗುತ್ತದೆ. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಸಾಕಷ್ಟಾದಾಗ ಮೆದುಳು ಅದನ್ನರಿತು ಸೂಚನೆಯನ್ನು ತಗ್ಗಿಸುತ್ತದೆ.

ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೊಟ್ಟಿ ತುಂಬಿದೊಡನೆ ಬೋರ್‌ವೆಲ್ಲಿನ ಮೋಟಾರು ತಾನಾಗಿ ನಿಲ್ಲುವ ಏರ್ಪಾಡಿದೆಯೆನ್ನೋಣ. ನಾವು ಹೊರಗಿನಿಂದ ಟ್ಯಾಂಕರ್ ತರಿಸಿ ದಿನವೂ ತೊಟ್ಟಿ ತುಂಬಿಸುತ್ತ ಹೋದರೆ ಮೋಟಾರು ಓಡುವ ಸಂದರ್ಭವೇ ಬರುವುದಿಲ್ಲ. ಬಹುಕಾಲ ನಿಂತ ಮೋಟಾರು ಮತ್ತೆ ಗುಂಡಿ ಒತ್ತಿದ ಕ್ಷಣದಲ್ಲಿ ಓಡೀತೆಂಬ ಭರವಸೆಯಿಲ್ಲ. ಹೊರಗಿನಿಂದ ಟೆಸ್ಟೊಸ್ಟೆರಾನ್ ಕೊಟ್ಟಾಗ ಶರೀರದಲ್ಲಿ ಆಗುವುದೂ ಹೀಗೆಯೇ. ಬೋರ್‌ವೆಲ್ಲೇ ಬತ್ತಿದ ಮನೆಗೆ ಟ್ಯಾಂಕರ್ ಜೀವಾಧಾರವಾಗುತ್ತದೆ. ನೀರಿರುವ ಮನೆಯಲ್ಲಿ ಅದು ಮೋಟಾರನ್ನು ಕೆಡಿಸುತ್ತದೆ.

1889ರ ಒಂದು ಪಾಠ

ಈ ಹಾರ್ಮೋನಿಗೆ ಅಂಟಿಕೊಂಡಿರುವ ಆಸೆ ಹಳೆಯದು. 1889ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್, ತಮ್ಮ 72ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣಗಳಿಂದ ತೆಗೆದ ರಸವನ್ನು ತಾವೇ ಚುಚ್ಚಿಕೊಂಡರು. ತಮ್ಮ ಬಲವೂ ಬುದ್ಧಿಯ ಚುರುಕೂ ಮರಳಿದವೆಂದು ವಿದ್ವಾಂಸರ ಸಭೆಯಲ್ಲಿ ಸಾರಿದರು. ಸುದ್ದಿ ಲೋಕವೆಲ್ಲ ಹರಡಿತು. ಆದರೆ ನೀರಿನಲ್ಲಿ ಅರೆದು ತೆಗೆದ ಅಂತಹ ರಸದಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನು ಇರಲು ಸಾಧ್ಯವಿರಲಿಲ್ಲವೆಂದು ಮುಂದೆ ತಿಳಿಯಿತು. ಅವರಿಗೆ ಬಲ ಬಂದಂತೆ ತೋರಿದ್ದು ನಂಬಿಕೆಯಿಂದ. ನಿಜವಾದ ಟೆಸ್ಟೊಸ್ಟೆರಾನನ್ನು ಪ್ರತ್ಯೇಕಿಸಿದ್ದು ಮತ್ತು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1935ರಲ್ಲಿ. ಆ ಕಾರ್ಯದಲ್ಲಿ ಪಾಲಿದ್ದ ಬುಟೆನಾಂಟ್ ಮತ್ತು ರುಜಿಚ್ಕಾ ಇಬ್ಬರಿಗೂ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಇಂಜೆಕ್ಷನ್ ತೆಗೆದುಕೊಂಡ ವಾರವೇ ಹೊಸ ಚೈತನ್ಯ ಬಂತೆಂದು ಹೇಳುವವರನ್ನು ಕಂಡಾಗ ಈ ಪ್ರಸಂಗವನ್ನು ನೆನೆಯುವುದು ಒಳ್ಳೆಯದು. ಬಲ ಬಂದಂತೆ ಅನಿಸುವುದು ಬೇರೆ, ಔಷಧವು ಬೇಕಾಗಿತ್ತೆಂದು ಸಿದ್ಧವಾಗುವುದು ಬೇರೆ.

ಯಾರಿಗೆ ನಿಜವಾಗಿ ಬೇಕು?

ವೃಷಣಗಳೋ ಪಿಟ್ಯುಟರಿಯೋ ರೋಗದಿಂದ ಕೆಟ್ಟಿರುವವರಿಗೆ ಈ ಚಿಕಿತ್ಸೆ ನಿಜವಾಗಿ ಬೇಕು. ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸ್ಥಿತಿ, ಪ್ರಾಯವೂ ಬಾರದೆ ವಾಸನೆಯೂ ತಿಳಿಯದಿರುವ ಕಾಲ್ಮನ್ ಸ್ಥಿತಿ, ಮಂಗನಬಾವಿನಿಂದ ವೃಷಣಗಳಿಗಾದ ಹಾನಿ, ಪಿಟ್ಯುಟರಿಯ ಗಡ್ಡೆ, ಕ್ಯಾನ್ಸರಿಗೆ ಕೊಟ್ಟ ಔಷಧ ಅಥವಾ ವಿಕಿರಣ ಚಿಕಿತ್ಸೆ ಇಂತಹ ಕಾರಣಗಳು. ಇವರಿಗೆ ಹಾರ್ಮೋನು ಕೊಡದಿದ್ದರೆ ಎಲುಬು ಟೊಳ್ಳಾಗುತ್ತದೆ, ರಕ್ತಹೀನತೆ ಬರುತ್ತದೆ, ಸ್ನಾಯುಗಳು ಸೊರಗುತ್ತವೆ. ಇಲ್ಲಿ ಚಿಕಿತ್ಸೆಯನ್ನು ನಿರಾಕರಿಸುವುದೇ ಅಪಾಯ.

ವಯಸ್ಸಾದಂತೆ ಹಾರ್ಮೋನು ನಿಧಾನವಾಗಿ ಇಳಿಯುವುದು ಬೇರೆ ವಿಷಯ. ಮಧ್ಯವಯಸ್ಸಿನಿಂದ ಅದು ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ತಗ್ಗುತ್ತದೆ. ಇದು ರೋಗವಲ್ಲ. ಬೊಜ್ಜು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ನಿದ್ರೆಗೇಡು, ಮದ್ಯಪಾನ, ಕೆಲವು ನೋವುಮಾತ್ರೆಗಳು ಕೂಡ ಹಾರ್ಮೋನನ್ನು ತಗ್ಗಿಸುತ್ತವೆ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ 10 ಮಂದಿ ಆರೋಗ್ಯವಂತ ತರುಣರಿಗೆ ಒಂದು ವಾರ ರಾತ್ರಿ 5 ಗಂಟೆ ಮಾತ್ರ ಮಲಗಲು ಬಿಟ್ಟರು. ಅವರ ಹಗಲಿನ ಟೆಸ್ಟೊಸ್ಟೆರಾನ್ ಶೇಕಡಾ 10ರಿಂದ 15ರಷ್ಟು ಇಳಿಯಿತು. ಇಂತಹವರಿಗೆ ಬೇಕಾದದ್ದು ನಿದ್ರೆಯೇ ಹೊರತು ಇಂಜೆಕ್ಷನ್ ಅಲ್ಲ.

ಒಂದು ಪರೀಕ್ಷೆ ಸಾಲದು

ಟೆಸ್ಟೊಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಆದುದರಿಂದ ಬೆಳಿಗ್ಗೆ, ಬರಿಯ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ರಕ್ತ ಕೊಟ್ಟು ನೋಡಬೇಕು. ಎರಡು ಸಲವೂ ಕಡಿಮೆ ಇದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆಯೆಂದು ತೀರ್ಮಾನಿಸುತ್ತಾರೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘವು ಒಂದು ಡೆಸಿಲೀಟರ್ ರಕ್ತಕ್ಕೆ 300 ನ್ಯಾನೊಗ್ರಾಂ ಎಂಬುದನ್ನು ಗಡಿಯಾಗಿ ಇಟ್ಟುಕೊಂಡಿದೆ. ಜ್ವರ ಅಥವಾ ಬೇರೆ ಕಾಯಿಲೆಯಲ್ಲಿ ಮಲಗಿದ್ದಾಗ ಮಾಡಿದ ಪರೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಕೊರತೆ ಖಚಿತವಾದ ಮೇಲೆ ಅದರ ಮೂಲ ವೃಷಣದಲ್ಲಿದೆಯೋ ಪಿಟ್ಯುಟರಿಯಲ್ಲಿದೆಯೋ ಎಂದು ಹುಡುಕಬೇಕು.

ಹೃದಯದ ಪ್ರಶ್ನೆ

ವೃದ್ಧರಿಗೆ ಟೆಸ್ಟೊಸ್ಟೆರಾನ್ ಕೊಟ್ಟು ನೋಡುತ್ತಿದ್ದ ಅಮೆರಿಕದ ಒಂದು ಅಧ್ಯಯನದಲ್ಲಿ ಔಷಧ ಪಡೆದವರಿಗೆ ಹೃದಯದ ತೊಂದರೆಗಳು ಹೆಚ್ಚಾಗಿ ಕಂಡುಬಂದುದರಿಂದ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದರ ವರದಿ 2010ರಲ್ಲಿ ಪ್ರಕಟವಾಯಿತು. ಮುಂದೆ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎರಡು ಕ್ರಮಗಳನ್ನು ಕೈಗೊಂಡಿತು. ಬರಿಯ ವಯಸ್ಸಿನಿಂದ ಹಾರ್ಮೋನು ಇಳಿದವರಿಗೆ ಈ ಔಷಧಕ್ಕೆ ಅನುಮೋದನೆಯಿಲ್ಲವೆಂದು ಸ್ಪಷ್ಟಪಡಿಸಿತು. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚಬಹುದೆಂದು ಔಷಧದ ವಿವರಪತ್ರದಲ್ಲಿ ಮುದ್ರಿಸಲು ಹೇಳಿತು. ಜೊತೆಗೆ ದೊಡ್ಡ ಅಧ್ಯಯನವೊಂದನ್ನು ನಡೆಸುವಂತೆ ತಯಾರಕರಿಗೆ ಸೂಚಿಸಿತು.

ಆ ಅಧ್ಯಯನವೇ ಟ್ರಾವರ್ಸ್. ಅದರ ಫಲಿತಾಂಶ 2023ರಲ್ಲಿ ಹೊರಬಂತು. 45ರಿಂದ 80 ವರ್ಷದೊಳಗಿನ, ಹಾರ್ಮೋನು ಕಡಿಮೆಯಿದ್ದು ಲಕ್ಷಣಗಳೂ ಇದ್ದ, ಈಗಾಗಲೇ ಹೃದ್ರೋಗವಿದ್ದ ಅಥವಾ ಅದರ ಸಂಭವ ಹೆಚ್ಚಿದ್ದ 5,200ಕ್ಕೂ ಹೆಚ್ಚು ಪುರುಷರು ಅದರಲ್ಲಿದ್ದರು. ಅರ್ಧ ಜನರಿಗೆ ಚರ್ಮಕ್ಕೆ ಹಚ್ಚುವ ಟೆಸ್ಟೊಸ್ಟೆರಾನ್ ಜೆಲ್, ಉಳಿದವರಿಗೆ ಔಷಧವಿಲ್ಲದ ಬರಿಯ ಜೆಲ್ ಕೊಡಲಾಯಿತು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧದ ಮರಣ ಉಂಟಾದದ್ದು ಔಷಧ ಪಡೆದವರಲ್ಲಿ ಶೇಕಡಾ 7.0, ಪಡೆಯದವರಲ್ಲಿ ಶೇಕಡಾ 7.3. ಅಂದರೆ ವ್ಯತ್ಯಾಸವಿಲ್ಲ. 2025ರಲ್ಲಿ ಅದೇ ನಿಯಂತ್ರಣ ಸಂಸ್ಥೆಯು ಹೃದಯಾಘಾತದ ಹಳೆಯ ಎಚ್ಚರಿಕೆಯನ್ನು ಬದಲಿಸಿ, ರಕ್ತದ ಒತ್ತಡ ಏರುವ ಎಚ್ಚರಿಕೆಯನ್ನು ಎಲ್ಲ ಟೆಸ್ಟೊಸ್ಟೆರಾನ್ ಔಷಧಗಳ ಮೇಲೂ ಇರಿಸಿತು.

ಇದು ಸಮಾಧಾನದ ಸಂಗತಿ. ಆದರೆ ವರದಿಯ ಉಳಿದ ಭಾಗವನ್ನೂ ಓದಬೇಕು. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಔಷಧ ಪಡೆದವರಲ್ಲಿ ಶೇಕಡಾ 3.5 ಇದ್ದರೆ ಇತರರಲ್ಲಿ 2.4 ಇತ್ತು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು ಶೇಕಡಾ 0.9 ಮತ್ತು 0.5. ಮೂತ್ರಪಿಂಡಕ್ಕೆ ಹಠಾತ್ ಹಾನಿ ಕೂಡ ತುಸು ಹೆಚ್ಚಿತ್ತು. ಎಲುಬು ಗಟ್ಟಿಯಾದೀತೆಂದು ನಿರೀಕ್ಷಿಸಿದ್ದರೆ, ಎಲುಬು ಮುರಿತಗಳು ಔಷಧ ಪಡೆದವರಲ್ಲಿಯೇ ಹೆಚ್ಚು ಕಂಡವು: ಶೇಕಡಾ 3.5 ಮತ್ತು 2.5. ಅಲ್ಲದೆ ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಔಷಧವನ್ನು ನಡುವೆಯೇ ಬಿಟ್ಟಿದ್ದರು. ಅಲ್ಲಿ ಬಳಸಿದ್ದು ಜೆಲ್. ರಕ್ತಪರೀಕ್ಷೆ ನೋಡಿ ಅದರ ಪ್ರಮಾಣವನ್ನು ಮಿತಿಯಲ್ಲಿಡಲಾಗುತ್ತಿತ್ತು. ಪರೀಕ್ಷೆಯೇ ಇಲ್ಲದೆ ಮನಬಂದಷ್ಟು ಇಂಜೆಕ್ಷನ್ ತೆಗೆದುಕೊಳ್ಳುವವರು ಈ ಅಧ್ಯಯನವನ್ನು ತಮ್ಮ ರಕ್ಷಣೆಗೆ ಎತ್ತಿಕೊಳ್ಳುವಂತಿಲ್ಲ.

ರಕ್ತ ಗಟ್ಟಿಯಾಗುವುದು

ಈ ಚಿಕಿತ್ಸೆಯಲ್ಲಿ ವೈದ್ಯರು ಹೆಚ್ಚಾಗಿ ಎದುರಿಸುವ ಅಡ್ಡಪರಿಣಾಮವೆಂದರೆ ಕೆಂಪು ರಕ್ತಕಣಗಳು ಮಿತಿಮೀರಿ ಹೆಚ್ಚುವುದು. ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಹೆಮಟೋಕ್ರಿಟ್ ಎನ್ನುತ್ತಾರೆ. ಅದು ಶೇಕಡಾ 54 ದಾಟಿದರೆ ರಕ್ತ ಮಂದವಾಗಿ ಹೆಪ್ಪುಗಟ್ಟುವ ಭಯವಿರುವುದರಿಂದ ಔಷಧವನ್ನು ನಿಲ್ಲಿಸುತ್ತಾರೆ ಅಥವಾ ಪ್ರಮಾಣವನ್ನು ತಗ್ಗಿಸುತ್ತಾರೆ.

ಆಸ್ಟ್ರೇಲಿಯಾದಲ್ಲಿ 1,007 ಪುರುಷರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಔಷಧದ ಎರಡೂ ಮುಖಗಳನ್ನು ತೋರಿಸುತ್ತದೆ. ತೂಕ ಹೆಚ್ಚಿದ್ದ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಅಥವಾ ಆಗತಾನೆ ಅದು ಪತ್ತೆಯಾಗಿದ್ದ ಇವರೆಲ್ಲರಿಗೂ ಆಹಾರ ವ್ಯಾಯಾಮಗಳ ಮಾರ್ಗದರ್ಶನ ಕೊಟ್ಟು, ಅರ್ಧ ಜನರಿಗೆ ದೀರ್ಘಕಾಲ ಉಳಿಯುವ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಕೊಡಲಾಯಿತು. ಎರಡು ವರ್ಷದ ಕೊನೆಯಲ್ಲಿ ಸಕ್ಕರೆ ಕಾಯಿಲೆಯಿದ್ದವರು ಔಷಧದ ಗುಂಪಿನಲ್ಲಿ ಶೇಕಡಾ 12, ಇನ್ನೊಂದರಲ್ಲಿ ಶೇಕಡಾ 21. ಇದು ಲಾಭ. ಆದರೆ ಔಷಧ ಪಡೆದವರಲ್ಲಿ ಶೇಕಡಾ 22ರಷ್ಟು ಜನರ ಹೆಮಟೋಕ್ರಿಟ್ 54ರ ಗಡಿ ಮುಟ್ಟಿತು. ಇನ್ನೊಂದು ಗುಂಪಿನಲ್ಲಿ ಅದು ಶೇಕಡಾ 1 ಮಾತ್ರ. ರಕ್ತಪರೀಕ್ಷೆ ಮಾಡುತ್ತಿದ್ದುದರಿಂದ ಅದು ತಿಳಿಯಿತು. ಪರೀಕ್ಷೆ ಮಾಡಿಸದವನಿಗೆ ತಿಳಿಯುವುದು ಕಾಲು ಬಾತು ಉಸಿರು ಕಟ್ಟಿದಾಗಲೇ.

ಸಂತಾನದ ಪ್ರಶ್ನೆ

ಪುರುಷತ್ವ ಹೆಚ್ಚಿಸುವ ಔಷಧವೆಂದು ಜನರು ಭಾವಿಸುವ ಈ ಹಾರ್ಮೋನು ಸಂತಾನಶಕ್ತಿಯನ್ನು ಕುಗ್ಗಿಸುತ್ತದೆಂಬುದು ಬಹಳ ಜನರಿಗೆ ತಿಳಿಯದು. ವೀರ್ಯಾಣುಗಳು ಬೆಳೆಯಲು ವೃಷಣದ ಒಳಗಿನ ಟೆಸ್ಟೊಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿರಬೇಕು. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿ ಸುಮ್ಮನಾಗುತ್ತದೆ. ವೃಷಣದ ಒಳಗಿನ ಉತ್ಪತ್ತಿ ನಿಲ್ಲುತ್ತದೆ, ವೀರ್ಯಾಣುಗಳು ಇಳಿಯುತ್ತವೆ, ವೃಷಣಗಳು ಕುಗ್ಗುತ್ತವೆ.

ಈ ಪರಿಣಾಮ ಎಷ್ಟು ಬಲವಾದದ್ದೆಂದರೆ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಪುರುಷರ ಗರ್ಭನಿರೋಧಕವಾಗಿ ಪರೀಕ್ಷಿಸಿ ನೋಡಿತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 271 ಆರೋಗ್ಯವಂತ ಪುರುಷರಿಗೆ ವಾರಕ್ಕೆ 200 ಮಿಲಿಗ್ರಾಂ ಇಂಜೆಕ್ಷನ್ ಕೊಡಲಾಗಿತ್ತು. ಆರು ತಿಂಗಳೊಳಗೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಾದವು. ಜಿಮ್ಮುಗಳಲ್ಲಿ ತರುಣರು ತೆಗೆದುಕೊಳ್ಳುವ ಪ್ರಮಾಣ ಹಲವು ವೇಳೆ ಇದಕ್ಕಿಂತ ಹೆಚ್ಚು.

ಔಷಧ ನಿಲ್ಲಿಸಿದ ಮೇಲೆ ಬಹುಪಾಲು ಜನರಲ್ಲಿ ವೀರ್ಯಾಣುಗಳು ಆರು ತಿಂಗಳಿಂದ ಒಂದು ವರ್ಷದಲ್ಲಿ ಮರಳುತ್ತವೆ. ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ದೀರ್ಘಕಾಲ, ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಪೂರ್ತಿ ಮರಳದಿರುವುದೂ ಉಂಟು. ಮಕ್ಕಳು ಬೇಕೆಂದಿರುವ ಪುರುಷನಿಗೆ ಈ ಚಿಕಿತ್ಸೆ ಸಲ್ಲದು. ಹಾರ್ಮೋನಿನ ಕೊರತೆ ನಿಜವಾಗಿಯೂ ಇದ್ದರೆ ವೃಷಣಗಳನ್ನೇ ಎಚ್ಚರಿಸುವ ಬೇರೆ ಔಷಧಗಳಿವೆ. ತಜ್ಞರು ಅವುಗಳನ್ನು ಆರಿಸಿಕೊಡುತ್ತಾರೆ.

ಪ್ರಾಸ್ಟೇಟ್ ಗ್ರಂಥಿ

ಟೆಸ್ಟೊಸ್ಟೆರಾನ್ ತಗ್ಗಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲಿ ತೋರಿಸಿದರು. ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಹಾಗಾದರೆ ಹಾರ್ಮೋನು ಕೊಟ್ಟರೆ ಕ್ಯಾನ್ಸರ್ ಹುಟ್ಟೀತೆಂಬ ಅಂಜಿಕೆ ಅಂದಿನಿಂದ ಉಳಿಯಿತು. ಮೊದಲೇ ತಪಾಸಣೆ ಮಾಡಿ ಆರಿಸಿಕೊಂಡ ಪುರುಷರಲ್ಲಿ ಅಂತಹ ಹೆಚ್ಚಳ ಟ್ರಾವರ್ಸ್ ಅಧ್ಯಯನದಲ್ಲಿ ಕಾಣಲಿಲ್ಲ. ಆದರೂ ಈಗಾಗಲೇ ಒಳಗೆ ಅಡಗಿರುವ ಕ್ಯಾನ್ಸರಿಗೆ ಇದು ಗೊಬ್ಬರವಾಗಬಾರದಲ್ಲವೇ? ಆದುದರಿಂದಲೇ ನಡುವಯಸ್ಸು ದಾಟಿದವರಿಗೆ ಚಿಕಿತ್ಸೆಗೆ ಮುನ್ನ ಪಿಎಸ್ಎ ಎಂಬ ರಕ್ತಪರೀಕ್ಷೆ ಮತ್ತು ಪ್ರಾಸ್ಟೇಟ್ ತಪಾಸಣೆ ಮಾಡುತ್ತಾರೆ.

ಉಳಿದ ಪರಿಣಾಮಗಳು, ಮನೆಯವರ ಎಚ್ಚರ

ಮೊಡವೆ, ಎಣ್ಣೆಚರ್ಮ, ಕಾಲು ಬಾವು, ಸ್ತನ ಊದಿಕೊಳ್ಳುವುದು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಹೆಚ್ಚುವುದು ಇತರ ಪರಿಣಾಮಗಳು. ಇಂಜೆಕ್ಷನ್ ಹಾಕಿದೊಡನೆ ಹಾರ್ಮೋನು ಏರಿ ಮುಂದಿನ ವೇಳೆಗೆ ಇಳಿಯುವುದರಿಂದ ಕೆಲವರ ಮನಸ್ಸು ಸಹ ಏರಿಳಿಯುತ್ತದೆ. ಮೀಥೈಲ್ ಟೆಸ್ಟೊಸ್ಟೆರಾನ್ ಎಂಬ ಹಳೆಯ ಮಾತ್ರೆ ಯಕೃತ್ತಿಗೆ ಕೆಡುಕು. ದೀರ್ಘಕಾಲ ಉಳಿಯುವ ಎಣ್ಣೆಯ ಇಂಜೆಕ್ಷನ್ ಹಾಕಿದ ಬಳಿಕ ಅಪರೂಪವಾಗಿ ಎಣ್ಣೆಯ ಕಣಗಳು ಶ್ವಾಸಕೋಶ ಸೇರಿ ಕೆಮ್ಮು, ಉಬ್ಬಸ ಬರಬಹುದು. ಆದ್ದರಿಂದ ಅರ್ಧ ಗಂಟೆ ಆಸ್ಪತ್ರೆಯಲ್ಲಿಯೇ ಕುಳಿತಿರಬೇಕು.

ಜೆಲ್ ಹಚ್ಚಿಕೊಳ್ಳುವವರು ಮನೆಯ ಮಕ್ಕಳನ್ನು ಮರೆಯಬಾರದು. ಹಚ್ಚಿದ ಜಾಗ ತಾಗಿ ಪುಟ್ಟ ಮಕ್ಕಳಲ್ಲಿ ಅಕಾಲದಲ್ಲಿ ಪ್ರಾಯದ ಲಕ್ಷಣಗಳು ಮೂಡಿದ ಪ್ರಸಂಗಗಳಿವೆ. ಇದರ ಬಗ್ಗೆ 2009ರಲ್ಲಿಯೇ ಅಮೆರಿಕದಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಬಂತು. ಜೆಲ್ ಹಚ್ಚಿದ ಮೇಲೆ ಕೈಯನ್ನು ಸೋಪಿನಿಂದ ತೊಳೆದು, ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಂಡ ನಂತರವೇ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಕು. ಗರ್ಭಿಣಿಯರಿಗೆ ಅದು ತಾಗಲೇಬಾರದು.

ಯಾರಿಗೆ ಸಲ್ಲದು, ಏನು ನೋಡುತ್ತಿರಬೇಕು

ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರು, ಹೆಮಟೋಕ್ರಿಟ್ ಮೊದಲೇ ಹೆಚ್ಚಿರುವವರು, ಕಳೆದ ಆರು ತಿಂಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಹತೋಟಿಗೆ ಬಾರದ ಹೃದಯವೈಫಲ್ಯವಿರುವವರು, ರಕ್ತ ಹೆಪ್ಪುಗಟ್ಟುವ ಸ್ವಭಾವವುಳ್ಳವರು, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆಗೆ ಚಿಕಿತ್ಸೆ ಪಡೆಯದವರು, ಸದ್ಯದಲ್ಲಿ ಮಕ್ಕಳನ್ನು ಬಯಸುವವರು ಇದನ್ನು ತೆಗೆದುಕೊಳ್ಳಬಾರದು.

ತೆಗೆದುಕೊಳ್ಳುವವರು ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ಅನಂತರ ಕನಿಷ್ಠ ವರ್ಷಕ್ಕೊಮ್ಮೆ ಹೆಮಟೋಕ್ರಿಟ್ ಮತ್ತು ಹಾರ್ಮೋನಿನ ಮಟ್ಟವನ್ನು, ವಯಸ್ಸಿಗೆ ತಕ್ಕಂತೆ ಪಿಎಸ್ಎಯನ್ನು ನೋಡಿಸಬೇಕು. ರಕ್ತದ ಒತ್ತಡವನ್ನು ಆಗಾಗ ಅಳೆಯಿಸಬೇಕು. ಒಂದು ಕಾಲು ಮಾತ್ರ ಬಾತರೆ, ಎದೆ ನೋವು, ಏದುಸಿರು ಅಥವಾ ತಾಳ ತಪ್ಪಿದ ಎದೆಬಡಿತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮ್ಮ ದೇಶದಲ್ಲಿ ಈ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧಗಳ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಬಸ್ ನಿಲ್ದಾಣದ ಗೋಡೆಯ ಬರಹವಾಗಲಿ ಮೊಬೈಲಿನಲ್ಲಿ ಬರುವ ಚಿತ್ರವಾಗಲಿ ವೈದ್ಯರ ಚೀಟಿಯಾಗಲಾರದು.

ಮೂರು ಪತ್ರಗಳಿಗೆ ನಮ್ಮ ಉತ್ತರ

ನಿವೃತ್ತ ಶಿಕ್ಷಕರಲ್ಲಿ ನಮ್ಮ ವಿನಂತಿ: ಸಂಜೆಯ ಒಂದು ಪರೀಕ್ಷೆಯನ್ನು ನಂಬಬೇಡಿರಿ. ಬೆಳಿಗ್ಗೆ ಎರಡು ಸಲ ಮಾಡಿಸಿರಿ. ಅದಕ್ಕೂ ಮುನ್ನ ಸಕ್ಕರೆ ಮತ್ತು ತೂಕವನ್ನು ಹತೋಟಿಗೆ ತನ್ನಿರಿ. ತೂಕ ಇಳಿದರೆ ಹಾರ್ಮೋನು ತಾನಾಗಿ ಏರುವುದುಂಟು. ಆಮೇಲೂ ಕೊರತೆ ಖಚಿತವಾದರೆ, ನಿಮ್ಮ ಹೃದಯದ ಸ್ಥಿತಿ ಬಲ್ಲ ವೈದ್ಯರ ಕಣ್ಗಾವಲಿನಲ್ಲಿ ಚಿಕಿತ್ಸೆ ಪಡೆಯಲು ಅಂಜಬೇಕಾಗಿಲ್ಲ. ಆದರೆ ಹಳೆಯ ಯೌವನ ಮರಳೀತೆಂಬ ನಿರೀಕ್ಷೆ ಬೇಡ. 65 ದಾಟಿದ 790 ಪುರುಷರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನಗಳಲ್ಲಿ ಲೈಂಗಿಕ ಆಸಕ್ತಿ ಸ್ವಲ್ಪಮಟ್ಟಿಗೆ ಸುಧಾರಿಸಿತು, ರಕ್ತಹೀನತೆ ತಗ್ಗಿತು. ನೆನಪಿನ ಶಕ್ತಿ ಹೆಚ್ಚಲಿಲ್ಲ.

ತಾಯಿಯವರಿಗೆ: ಸಂಬಂಧವಿರುವ ಸಾಧ್ಯತೆ ಬಹಳವಿದೆ. ಮಗನ ವೀರ್ಯ ಪರೀಕ್ಷೆಯನ್ನು ಮೊದಲು ಮಾಡಿಸಿರಿ. ಇಂಜೆಕ್ಷನ್ ನಿಲ್ಲಲೇಬೇಕು. ಆದರೆ ನಿಂತ ಮೇಲೆ ಕೆಲವು ತಿಂಗಳು ಆಯಾಸವೂ ಖಿನ್ನತೆಯೂ ಕಾಡುವುದರಿಂದ ಹಾರ್ಮೋನು ತಜ್ಞರ ಸಲಹೆಯಲ್ಲಿ ನಿಲ್ಲಿಸಲಿ. ಏನನ್ನೆಲ್ಲ ತೆಗೆದುಕೊಂಡಿದ್ದನೆಂಬುದನ್ನು ಮುಚ್ಚಿಡದೆ ಹೇಳಲಿ. ಅವನನ್ನು ಬೈದು ಫಲವಿಲ್ಲ, ಕಾಯುವ ತಾಳ್ಮೆ ಬೇಕು. ಎರಡು ವರ್ಷದಿಂದ ತನ್ನದಲ್ಲದ ತಪ್ಪಿಗೆ ತಲೆತಗ್ಗಿಸಿ ನಡೆದಿರಬಹುದಾದ ಸೊಸೆಗೆ ಮನೆಯ ಹಿರಿಯರಾಗಿ ನೀವೇ ಒಂದು ಒಳ್ಳೆಯ ಮಾತು ಹೇಳಬೇಕು. ಮಕ್ಕಳಾಗದ ಯಾವ ಮನೆಯಲ್ಲಿಯೂ ಗಂಡಹೆಂಡಿರಿಬ್ಬರ ಪರೀಕ್ಷೆಯೂ ಒಟ್ಟಿಗೆ ಆಗಬೇಕು.

ತಂದೆಯವರಿಗೆ: ತಡಮಾಡಬೇಡಿರಿ. ಮೇಲೆ ಹೇಳಿದ ಅಂಜಿಕೆಗಳು ನಿಮ್ಮ ಮಗನನ್ನು ತಡೆಯಬೇಕಾದವುಗಳಲ್ಲ. ಮೊದಲು ಕಾರಣ ಪತ್ತೆಯಾಗಲಿ. ವಾಸನೆ ತಿಳಿಯುತ್ತದೆಯೇ ಎಂಬುದನ್ನೂ ವೈದ್ಯರಿಗೆ ಹೇಳಿರಿ. ಇಂತಹ ಹುಡುಗರಿಗೆ ಚಿಕ್ಕ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ದೋಷವು ಪಿಟ್ಯುಟರಿಯ ಕಡೆಯದಾಗಿದ್ದರೆ ಮುಂದೆ ಮಕ್ಕಳಾಗಲು ಬೇರೆ ಹಾರ್ಮೋನುಗಳಿಂದ ಚಿಕಿತ್ಸೆಯೂ ಸಾಧ್ಯ. ಅವನ ಎಲುಬು, ಬಲ ಮತ್ತು ಆತ್ಮವಿಶ್ವಾಸಕ್ಕೆ ಈಗ ಇದು ಬೇಕು.

ಇಂತಹ ಪ್ರಶ್ನೆಗಳನ್ನು ಸಂಕೋಚದಿಂದ ಮುಚ್ಚಿಡುವುದರಿಂದಲೇ ಅವು ಜಿಮ್ಮಿನ ಗೆಳೆಯರ ಕೈಗೂ ಗೋಡೆಯ ಜಾಹೀರಾತಿಗೂ ಸಿಕ್ಕುತ್ತವೆ. ವೈದ್ಯರ ಮುಂದೆ ಬಾಯಿಬಿಟ್ಟು ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಓದುಗ ಬಂಧುಗಳು ಈ ಲೇಖನವನ್ನು ಮನೆಯ ತರುಣರಿಗೂ ಓದಲು ಕೊಡಬೇಕೆಂದು ಕೋರುತ್ತೇವೆ.